ಹಿತ್ತಿಲಲ್ಲಿ ಮೂಡಿದ ಹೆಜ್ಜೆ

ಕೊಟ್ಟಾರದ ಬಾಡಿಗೆ ಮನೆಯ ಹಿತ್ತಿಲೇ ನಾನು ವಿಧಿವಿಜ್ಞಾನದ ಮಕ್ಕಳಿಗೆ ತೋರಿಸಿದ ಮೊದಲ ‘ಅಪರಾಧ ಸ್ಥಳ’. ಕೆಂಪುಕಲ್ಲಿನ ಪಾಗಾರದ ಬುಡದಲ್ಲಿ ಒಡೆದ ಗಾಜಿನ ಲೋಟ, ಒಂದು ಹಳೇ ಮೊಬೈಲು, ಬಟ್ಟೆ ಒಗೆಯುವ ಕಲ್ಲಿನ ಮೇಲೆ ಕೆಂಪು ಕಲೆ. ಇಷ್ಟು ಸಜ್ಜು ಮಾಡಿ ಎಂಟು ಮಂದಿಯನ್ನು ಒಳಗೆ ಬಿಟ್ಟೆ.

ಎರಡೇ ನಿಮಿಷ. ಒಬ್ಬ ಮೊಬೈಲನ್ನು ಕೈಗೆತ್ತಿಕೊಂಡಿದ್ದ. ಎಲ್ಲರ ಪುಸ್ತಕದಲ್ಲೂ ‘ರಕ್ತದ ಕಲೆ’ ಎಂದಿತ್ತು. ನಾನು ಹತ್ತಿಯಲ್ಲಿ ಸ್ವಲ್ಪ ಒರೆಸಿ ತೆಗೆದು ಅದಕ್ಕೆ ಲಿಂಬೆರಸ ಹಿಂಡಿದೆ. ಕೆಂಪು ಹೋಗಿ ಹಳದಿಯಾಯಿತು. ಅರಿಶಿನ, ಸುಣ್ಣ ಕಲಸಿದ ಕುರ್ದಿ ನೀರು! ದೃಷ್ಟಿ ತೆಗೆಯುವ ಆ ನೀರನ್ನು ಮನೆಯಲ್ಲಿ ನೋಡಿ ಬೆಳೆದವರೇ ಮೋಸಹೋಗಿದ್ದರು. ‘ಕೆಂಪು ಬಣ್ಣದ ಒದ್ದೆ ಕಲೆ, ಅಗಲ ನಾಲ್ಕು ಸೆಂ.ಮೀ.’ ಎಂದು ತಿದ್ದಿ ಬರೆಸಿದೆ. ಫಿನಾಲ್ಫ್ತಲೀನ್ ಪರೀಕ್ಷೆಯಲ್ಲಿ ಗುಲಾಬಿ ಬಣ್ಣ ಬಂದರೂ ಅದು ‘ರಕ್ತವಿರಬಹುದು’ ಎಂಬಷ್ಟಕ್ಕೇ ಆಧಾರ. ಕೆಲವು ತರಕಾರಿಗಳ ರಸಕ್ಕೂ ಆ ಬಣ್ಣ ಬರುವುದುಂಟು.

ಮಳೆಗಾಲ ನನಗೂ ಪಾಠ ಹೇಳಿತು. ಒದ್ದೆ ಗಾಜಿನ ಮೇಲೆ ಬೆರಳಚ್ಚಿನ ಪುಡಿ ಉದುರಿಸಿದರೆ ಕೆಸರಾಗುತ್ತದೆ. ಅದಕ್ಕೆ ನೀರಿನಲ್ಲಿ ಕದಡಿ ಸಿಂಪಡಿಸುವ ಬೇರೆಯೇ ಪುಡಿ ಬೇಕು. ಒದ್ದೆ ಅಂಗಿಯನ್ನು ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿಟ್ಟಿದ್ದೆ. ಮುಂದಿನ ತರಗತಿಗೆ ಬಿಚ್ಚಿದರೆ ಬೂಷ್ಟು. ಅಂದಿನಿಂದ ಆಟಿ ತಿಂಗಳ ಮಳೆಯಲ್ಲೂ ನೆರಳಲ್ಲಿ ಒಣಗಿಸಿ ಕಾಗದದ ಚೀಲಕ್ಕೇ ಹಾಕಿಸುತ್ತೇನೆ.

2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 176(3)ನೇ ಕಲಮು, ಏಳು ವರ್ಷ ಅಥವಾ ಹೆಚ್ಚಿನ ಶಿಕ್ಷೆಯ ಅಪರಾಧಗಳಲ್ಲಿ ವಿಧಿವಿಜ್ಞಾನ ತಜ್ಞರು ಸ್ಥಳಕ್ಕೆ ಹೋಗಿ ಸಾಕ್ಷ್ಯ ಸಂಗ್ರಹಿಸಬೇಕು, ವಿಡಿಯೊ ಚಿತ್ರೀಕರಣ ಆಗಬೇಕು ಎನ್ನುತ್ತದೆ. ಇದನ್ನು ಜಾರಿಗೆ ತರಲು ರಾಜ್ಯಗಳಿಗೆ ಐದು ವರ್ಷದ ಗಡುವುಂಟು. ಹೀಗೆ ಸ್ಥಳಕ್ಕೆ ಹೋಗುವುದೇ ಕೆಲಸವಾದರೂ ಮಕ್ಕಳಿಗೆ ಡಿಎನ್‌ಎ ಯಂತ್ರದ ಮೇಲೇ ಆಸೆ. ಮೊದಲು ಹೋದವನ ಕೈ ಕೆಡಿಸಿದ್ದನ್ನು ಯಾವ ಯಂತ್ರವೂ ಸರಿಮಾಡದು. 1910ರಲ್ಲಿ ಫ್ರಾನ್ಸಿನ ಲಿಯೋನ್‌ನಲ್ಲಿ ಪೊಲೀಸ್ ಪ್ರಯೋಗಾಲಯ ತೆರೆದ ಎಡ್ಮಂಡ್ ಲೊಕಾರ್ಡ್ ಕಂಡುಕೊಂಡದ್ದೂ ಇದರ ಬೇರನ್ನೇ: ಹೋದಲ್ಲೆಲ್ಲ ಏನಾದರೂ ಬಿಟ್ಟು ಬರುತ್ತೇವೆ, ಏನಾದರೂ ಹೊತ್ತು ತರುತ್ತೇವೆ.

ಅದನ್ನು ನಾನು ಬಾಯಲ್ಲಿ ಹೇಳುತ್ತಿದ್ದೆ, ಅಷ್ಟೆ. ಹಿತ್ತಿಲಿನ ಆ ಮೊದಲ ದಿನವೇ ಮಾತು ಕಡಿಮೆಯ ಹುಡುಗಿಯೊಬ್ಬಳು ಪಾಗಾರದ ಬಳಿಯ ಕೆಸರಿನ ಹೆಜ್ಜೆಗೆ ಪ್ಲಾಸ್ಟರ್ ಆಫ್ ಪ್ಯಾರಿಸ್ ಎರೆದು ಅಚ್ಚು ತೆಗೆದಳು. ತೊಳೆದು, ತಿರುಗಿಸಿ ನೋಡಿ, ಮೆಲ್ಲಗೆ ಕೇಳಿದಳು: “ಸರ್, ಇದು ನಿಮ್ಮ ಚಪ್ಪಲಿ ಅಲ್ವಾ?”

ಬೆಳಿಗ್ಗೆ ಎಲ್ಲ ಸರಿಯುಂಟಾ ಎಂದು ನೋಡಲು ಹೋಗಿದ್ದೆ. “ಅದು ಬಿಡು, ಲೆಕ್ಕಕ್ಕಿಲ್ಲ” ಎಂದುಬಿಟ್ಟೆ. ಅವಳ ಪೆನ್ನು ನಿಂತಿತು. ಕಲೆಗೆ ‘ರಕ್ತ’ ಎಂದು ಬರೆದದ್ದು ಅವರ ತಪ್ಪು. ಇದ್ದ ಹೆಜ್ಜೆಯನ್ನು ಇಲ್ಲವೆನ್ನಿಸಹೊರಟದ್ದು ನನ್ನದು, ಅದಕ್ಕಿಂತ ದೊಡ್ಡದು.

“ಇಲ್ಲ, ಬರಿ. ಗಂಟೆಯನ್ನೂ ಬರಿ” ಎಂದೆ.

ಈಗ ಸ್ಥಳಕ್ಕೆ ಹೋದವರ ಪಟ್ಟಿಯಲ್ಲಿ ಮೊದಲ ಹೆಸರು ನನ್ನದೇ. ಪಕ್ಕದಲ್ಲಿ ಚಪ್ಪಲಿಯ ಅಳತೆ.