ಕಾವೇರಿಯಿಂದ ಚಂದ್ರಗಿರಿಯವರೆಗೆ: ಒಂದು ರೈಲುಮಾರ್ಗದ ಚರಿತ್ರೆ

ನಾಡಿನ ಎಲ್ಲೆಯನ್ನು ನದಿ, ಬೆಟ್ಟ, ಭಾಷೆಗಳು ಗೊತ್ತುಮಾಡುತ್ತವೆಂದು ಭೂಗೋಳದ ಪುಸ್ತಕಗಳಲ್ಲಿ ಓದುತ್ತೇವೆ. ನಾಡನ್ನು ಕೂಡಿಸುವುದರಲ್ಲಿಯೂ ಅಗಲಿಸುವುದರಲ್ಲಿಯೂ ರೈಲುಕಂಬಿಗೂ ಒಂದು ಪಾಲುಂಟೆಂಬುದು ನಮ್ಮ ಲಕ್ಷ್ಯಕ್ಕೆ ಬರುವುದು ಕಡಮೆ. ನಮ್ಮ ಸೀಮೆಯಿಂದ ಗಡಿನಾಡಾದ ಕಾಸರಗೋಡಿಗೆ ಹೋಗುವ ಮಾರ್ಗದ ಚರಿತ್ರೆ ಇದಕ್ಕೊಂದು ನಿದರ್ಶನ.

ಬೆಂಗಳೂರು-ಮೈಸೂರು ಮಾರ್ಗಕ್ಕೂ 1876-78ರ ಧಾತು-ಈಶ್ವರ ಸಂವತ್ಸರಗಳ ಭೀಕರ ಕ್ಷಾಮಕ್ಕೂ ಸಂಬಂಧವುಂಟು. ಹಸಿದವರಿಗೆ ಕೂಲಿ ಒದಗಿಸುವ ಪರಿಹಾರ ಕಾಮಗಾರಿಯಾಗಿಯೂ ಅದರ ಕೆಲಸ ನಡೆಯಿತು. 1882ರ ವೇಳೆಗೆ ಕಂಬಿ ಮೈಸೂರನ್ನು ಮುಟ್ಟಿತು. ಪಾಂಡವಪುರವನ್ನು ಹಿಂದೆ ಫ್ರೆಂಚ್ ರಾಕ್ಸ್ ಎನ್ನುತ್ತಿದ್ದರು. ಹೈದರ್ ಮತ್ತು ಟಿಪ್ಪುವಿನ ಕಾಲದಲ್ಲಿ ಫ್ರೆಂಚ್ ಸೈನಿಕರು ಅಲ್ಲಿ ಬೀಡುಬಿಟ್ಟಿದ್ದುದೇ ಆ ಹೆಸರಿಗೆ ಕಾರಣ. ಶ್ರೀರಂಗಪಟ್ಟಣದಲ್ಲಿ ಜೋಡಿಮಾರ್ಗಕ್ಕೆ ಅಡ್ಡವಾಗಿದ್ದ ಟಿಪ್ಪುವಿನ ಶಸ್ತ್ರಾಗಾರವನ್ನು ಕೆಡವದೆ, ಸುಮಾರು 1000 ಟನ್ ತೂಕದ ಆ ಕಟ್ಟಡವನ್ನು 2017ರಲ್ಲಿ ಇಡಿಯಾಗಿ ನೂರು ಮೀಟರಿಗೂ ಹೆಚ್ಚು ದೂರ ಸರಿಸಿದರು.

1918ರಲ್ಲಿ ತೆರೆದ ಮೈಸೂರು-ಅರಸೀಕೆರೆ ಮಾರ್ಗವು ಕೃಷ್ಣರಾಜಪೇಟೆ ತಾಲ್ಲೂಕಿನ ಅಕ್ಕಿಹೆಬ್ಬಾಳು, ಮಂದಗೆರೆಗಳನ್ನು ಹಾದು ಹಾಸನಕ್ಕೆ ಹೋಗುತ್ತದೆ. ನಾಗಮಂಗಲ ತಾಲ್ಲೂಕು ಮಾತ್ರ ಬಹುಕಾಲ ಕಾಯಬೇಕಾಯಿತು. ಕುಣಿಗಲ್, ಶ್ರವಣಬೆಳಗೊಳಗಳ ಮೇಲೆ ಹಾಯುವ ಬೆಂಗಳೂರು-ಹಾಸನ ಮಾರ್ಗ ಪೂರ್ತಿಯಾದುದು 2017ರಲ್ಲಿ, ಬಿ. ಜಿ. ನಗರ ನಿಲ್ದಾಣ ಈ ಮಾರ್ಗದಲ್ಲಿದೆ. ಹೀಗೆ ನಮ್ಮ ಸೀಮೆಯ ಎರಡು ದಾರಿಗಳೂ ಹಾಸನದಲ್ಲಿ ಕೂಡುತ್ತವೆ.

ಹಾಸನದಿಂದ ಮುಂದೆ ಪಡುವಣ ಘಟ್ಟ. ಸಕಲೇಶಪುರದಿಂದ ಸುಬ್ರಹ್ಮಣ್ಯ ರೋಡ್‌ವರೆಗಿನ ಸುಮಾರು 55 ಕಿಲೋಮೀಟರಿನಲ್ಲಿ 57 ಸುರಂಗಗಳಿವೆ. ಇಳಿಜಾರು ಐವತ್ತು ಅಡಿಗೆ ಒಂದು ಅಡಿ. ಮಳೆಗಾಲದಲ್ಲಿ ಗುಡ್ಡ ಕುಸಿಯುವುದುಂಟು. 2018ರಲ್ಲಿ ವಾರಗಟ್ಟಲೆ ಸಂಚಾರ ನಿಂತುಹೋಗಿತ್ತು. ಇಂಥ ದುರ್ಗಮವಾದ ಘಟ್ಟವನ್ನು ದಾಟಿ ಹಾಸನ-ಮಂಗಳೂರು ರೈಲು ಓಡಲಾರಂಭಿಸಿದ್ದು 1979ರಲ್ಲಿ.

ಈಗ ಕರಾವಳಿಯ ಕಡೆಯಿಂದ ನೋಡೋಣ. ಮದರಾಸು, ಮಲಬಾರುಗಳಿಂದ ಹೊರಟ ಕಂಬಿ 1907ರಲ್ಲಿಯೇ ಕಾಸರಗೋಡು, ಕುಂಬಳೆ, ಮಂಜೇಶ್ವರಗಳನ್ನು ಹಾದು ಮಂಗಳೂರನ್ನು ಸೇರಿತ್ತು. ಎಂದರೆ, ಆ ಬಳಿಕ 72 ವರ್ಷಗಳ ಕಾಲ ಕಾಸರಗೋಡಿನ ಕನ್ನಡಿಗನಿಗೆ ರೈಲಿನಲ್ಲಿ ಕಲ್ಲಿಕೋಟೆ ಹತ್ತಿರ, ಮೈಸೂರು ದೂರ. ಮೈಸೂರಿಗೆ ರೈಲಿನಲ್ಲಿಯೇ ಬರಬೇಕೆಂದರೆ ಶೋರನೂರು, ಪೋದನೂರು, ಈರೋಡು, ಜೋಲಾರಪೇಟೆಗಳನ್ನು ಸುತ್ತಿ ಬರಬೇಕಾಗಿತ್ತು. ಇಲ್ಲವಾದರೆ ಘಟ್ಟದ ರಸ್ತೆಯೇ ಗತಿ.

1956ರ ನವೆಂಬರ್ 1ರಂದು ರಾಜ್ಯಗಳ ಪುನರ್ವಿಂಗಡಣೆಯಾದಾಗ ಕಾಸರಗೋಡು ತಾಲ್ಲೂಕು ಕೇರಳಕ್ಕೆ ಸೇರಿತು. ಚಂದ್ರಗಿರಿ ಹೊಳೆಯ ಉತ್ತರದ ಭಾಗ ಮೈಸೂರು ರಾಜ್ಯಕ್ಕೆ ಸೇರಬೇಕೆಂದು ಮಹಾಜನ ಆಯೋಗ 1967ರ ವರದಿಯಲ್ಲಿ ಶಿಫಾರಸು ಮಾಡಿತಾದರೂ ಅದು ಜಾರಿಗೆ ಬರಲಿಲ್ಲ. ಗಡಿಯನ್ನು ಗೊತ್ತುಮಾಡಿದ್ದು ರೈಲೇ ಎಂದು ಹೇಳಿದರೆ ಅತಿಶಯೋಕ್ತಿಯಾದೀತು. ಆದರೆ ಒಂದೇ ನುಡಿಯ ಜನ ಒಬ್ಬರನ್ನೊಬ್ಬರು ಕಾಣಲು ದಾರಿಯಿಲ್ಲದಿದ್ದರೆ ಒಬ್ಬರ ಅಳಲು ಇನ್ನೊಬ್ಬರ ಕಿವಿಗೆ ತಡವಾಗಿಯೇ ಬೀಳುತ್ತದೆಂಬುದು ಮಾತ್ರ ನಿಜ.

ಮಂಜೇಶ್ವರ ರಾಷ್ಟ್ರಕವಿ ಗೋವಿಂದ ಪೈಗಳು ನೆಲಸಿದ್ದ ಊರು. ಕುಂಬಳೆ ಯಕ್ಷಗಾನ ಕವಿ ಪಾರ್ತಿಸುಬ್ಬನ ಸೀಮೆ. ಕಯ್ಯಾರ ಕಿಞ್ಞಣ್ಣ ರೈಗಳು ಬಾಳಿ ಹೋರಾಡಿದ್ದು ಆ ನೆಲದಲ್ಲಿಯೇ. ಕಾಸರಗೋಡಿನ ಸರ್ಕಾರಿ ಕಾಲೇಜಿನಲ್ಲಿ ನಮ್ಮಂಥ ವಿದ್ಯಾರ್ಥಿಗಳು ಕನ್ನಡವನ್ನು ಐಚ್ಛಿಕವಾಗಿ ಓದುತ್ತಾರೆ. ಕಾವೇರಿಯ ದಡದ ನಮಗೆ ಕನ್ನಡ ಗಾಳಿ ನೀರುಗಳಂತೆ ತಾನಾಗಿ ದೊರೆತಿದೆ. ಚಂದ್ರಗಿರಿಯ ದಡದವರು ಅದನ್ನು ದಿನದಿನವೂ ಉಳಿಸಿಕೊಳ್ಳಬೇಕಾಗಿದೆ. ಎಪ್ಪತ್ತೆರಡು ವರ್ಷ ಕಾದು ಬಂದ ಕಂಬಿ ಈಗ ನಮ್ಮ ನಡುವೆ ಇದೆ. ಅದರ ಮೇಲೆ ಸರಕಿನ ಜೊತೆಗೆ ಸ್ನೇಹವೂ ಸಾಗಬೇಕಾದರೆ ಹೊರಡಬೇಕಾದವರು ನಾವೇ.