ಬೈಂಡಿಂಗುಗಳನ್ನು ಒಂದೇ ಲೈಬ್ರರಿಯಾಗಿ ಕಟ್ಟುವುದು

ಗಣಕಯಂತ್ರದಲ್ಲಿ ದೊಡ್ಡ ಲೆಕ್ಕಗಳನ್ನು ಮಾಡುವವರು ಸಾಮಾನ್ಯವಾಗಿ ಎರಡು ಭಾಷೆಗಳನ್ನು ಒಟ್ಟಿಗೆ ಬಳಸುತ್ತಾರೆ. ದುಡಿಮೆಯ ಭಾಗವನ್ನು ಸಿ ಭಾಷೆಯಲ್ಲಿ ಬರೆಯುತ್ತಾರೆ. ಅದು ಯಂತ್ರಸಂಕೇತವಾಗಿ ಮಾರ್ಪಟ್ಟು ವೇಗವಾಗಿ ನಡೆಯುತ್ತದೆ. ಆಜ್ಞೆ ಕೊಡುವ ಭಾಗವನ್ನು ಪೈಥಾನ್‌ನಂಥ ಸ್ಕ್ರಿಪ್ಟ್ ಭಾಷೆಯಲ್ಲಿ ಬರೆಯುತ್ತಾರೆ. ಅದನ್ನು ತಿದ್ದುವುದು ಸುಲಭ. ಇವೆರಡರ ನಡುವೆ ದುಭಾಷಿಯಂತೆ ನಿಲ್ಲುವ ಸಂಕೇತಕ್ಕೆ ಬೈಂಡಿಂಗ್ ಎಂದು ಹೆಸರು. ಇಂಥ ದುಭಾಷಿಯನ್ನು ತಾನಾಗಿಯೇ ಬರೆದುಕೊಡುವ ‘ಸ್ವಿಗ್’ ಎಂಬ ಸಾಧನವನ್ನು ಡೇವಿಡ್ ಬೀಜ್ಲಿ ಎಂಬವರು ೧೯೯೫ರಲ್ಲಿ ಆರಂಭಿಸಿದ್ದು ಅಮೆರಿಕದ ಲಾಸ್ ಅಲಮಾಸ್ ಪ್ರಯೋಗಾಲಯದ ಸೈದ್ಧಾಂತಿಕ ಭೌತವಿಜ್ಞಾನ ವಿಭಾಗದಲ್ಲಿ. ಈ ವಿಷಯಕ್ಕೂ ಭೌತವಿಜ್ಞಾನಕ್ಕೂ ಇರುವ ನಂಟು ಇದರಿಂದ ತಿಳಿಯುತ್ತದೆ.

ಬೈಂಡಿಂಗುಗಳು ಹಲವಾದಾಗ ಅವನ್ನು ಬೇರೆ ಬೇರೆ ಲೈಬ್ರರಿಗಳಾಗಿ ಕಟ್ಟಬೇಕೆ, ಒಂದೇ ಲೈಬ್ರರಿಯಾಗಿ ಕಟ್ಟಬೇಕೆ? ಇದು ಕೇವಲ ಅಚ್ಚುಕಟ್ಟಿನ ಪ್ರಶ್ನೆಯೆಂದು ವಾಚಕರಿಗೆ ತೋರಬಹುದು. ಆದರೆ ಇದರಿಂದ ಲೆಕ್ಕದ ಉತ್ತರವೇ ಕೆಡಬಹುದು. ಹೇಗೆಂಬುದನ್ನು ಒಂದು ಉದಾಹರಣೆಯಿಂದ ವಿಚಾರಿಸೋಣ.

ಬದಿಯ ಉದ್ದ ೧ ಇರುವ ಚೌಕವೊಂದನ್ನು ಬರೆದು, ಅದರ ಒಂದು ಮೂಲೆಯನ್ನು ಕೇಂದ್ರವಾಗಿಟ್ಟು ಕಾಲುವೃತ್ತವನ್ನು ಎಳೆಯೋಣ. ಚೌಕದೊಳಗೆ ಗುರಿಯಿಲ್ಲದೆ ಚುಕ್ಕೆಗಳನ್ನು ಎರಚಿದರೆ, ಅವುಗಳಲ್ಲಿ ಸುಮಾರು ೦.೭೮೫೪ ಭಾಗ ಕಾಲುವೃತ್ತದೊಳಗೆ ಬೀಳುತ್ತದೆ. ಅದನ್ನು ನಾಲ್ಕರಿಂದ ಗುಣಿಸಿದರೆ ‘ಪೈ’ಯ ಬೆಲೆ ೩.೧೪೧೬ ದೊರೆಯುತ್ತದೆ.

ಈಗ ಚುಕ್ಕೆಯ ಅಡ್ಡಳತೆಯನ್ನು ಒಂದು ಬೈಂಡಿಂಗ್ ಮೂಲಕವೂ ಲಂಬದಳತೆಯನ್ನು ಇನ್ನೊಂದರ ಮೂಲಕವೂ ಪಡೆಯುತ್ತೇವೆಂದು ಇಟ್ಟುಕೊಳ್ಳೋಣ. ಯಾದೃಚ್ಛಿಕ ಸಂಖ್ಯೆಗಳನ್ನು ಹುಟ್ಟಿಸುವ ಸಿ ಸಂಕೇತ ಎರಡಕ್ಕೂ ಒಂದೇ. ಆದರೆ ಬೈಂಡಿಂಗುಗಳನ್ನು ಬೇರೆ ಬೇರೆ ಲೈಬ್ರರಿಗಳಾಗಿ ಕಟ್ಟಿ, ಪ್ರತಿಯೊಂದರೊಳಗೂ ಆ ಸಂಕೇತವನ್ನು ಸೇರಿಸಿದ್ದೇವೆ. ಲಿನಕ್ಸ್‌ನಲ್ಲಿ ಪೈಥಾನ್ ಇಂಥ ಲೈಬ್ರರಿಯನ್ನು ತೆರೆಯುವಾಗ ಅದರ ಹೆಸರುಗಳನ್ನು ಇತರ ಲೈಬ್ರರಿಗಳಿಗೆ ತೋರಿಸದೆ ಮರೆಯಲ್ಲಿಡುವುದು ವಾಡಿಕೆ. ಆದಕಾರಣ ಜನಕವೊಂದರ ಬದಲು ಎರಡು ಪ್ರತಿಗಳು ನೆನಪಿನಲ್ಲಿ ನೆಲೆಸುತ್ತವೆ. ಎರಡೂ ಒಂದೇ ಆರಂಭದ ಬೀಜದಿಂದ ಹೊರಡುವುದರಿಂದ ಎರಡೂ ಅದೇ ಸಂಖ್ಯಾಸಾಲನ್ನು ಕೊಡುತ್ತವೆ!

ಫಲವೇನು? ಪ್ರತಿ ಚುಕ್ಕೆಗೂ ಅಡ್ಡಳತೆ ಲಂಬದಳತೆಗೆ ಸಮ. ಚುಕ್ಕೆಗಳೆಲ್ಲ ಚೌಕದ ಕರ್ಣದ ಮೇಲೆಯೇ ಬೀಳುತ್ತವೆ, ಅವುಗಳಲ್ಲಿ ೦.೭೦೭೧ ಭಾಗ ಮಾತ್ರ ಕಾಲುವೃತ್ತದೊಳಗಿರುತ್ತದೆ. ‘ಪೈ’ಯ ಬೆಲೆ ೨.೮೨೮ ಎಂದು ಬರುತ್ತದೆ. ಚುಕ್ಕೆಗಳನ್ನು ಹೆಚ್ಚಿಸಿದಷ್ಟೂ ಉತ್ತರ ಆ ತಪ್ಪು ಬೆಲೆಗೇ ಹತ್ತಿರವಾಗುತ್ತದೆ. ಯಂತ್ರ ಯಾವ ದೂರನ್ನೂ ಕೊಡುವುದಿಲ್ಲ. ‘ಪೈ’ಯ ಬೆಲೆ ನಮಗೆ ಮೊದಲೇ ತಿಳಿದಿರುವುದರಿಂದ ತಪ್ಪು ಸಿಕ್ಕಿಬೀಳುತ್ತದೆ. ಬೆಲೆ ತಿಳಿಯದ ಲೆಕ್ಕದಲ್ಲಿಯಾದರೋ ಇಂಥ ತಪ್ಪನ್ನೇ ಸತ್ಯವೆಂದು ನಂಬುವ ಅಪಾಯವುಂಟು.

ಪರಿಹಾರವಿರುವುದು ಬಿಲ್ಡ್ ಫೈಲಿನಲ್ಲಿ. ಯಾವ ಕಡತಗಳಿಂದ ಯಾವ ಲೈಬ್ರರಿಯನ್ನು ಹೇಗೆ ಕಟ್ಟಬೇಕೆಂದು ತಿಳಿಸುವ ಆಜ್ಞಾಪತ್ರವೇ ಬಿಲ್ಡ್ ಫೈಲು. ೧೯೭೬ರಲ್ಲಿ ಬೆಲ್ ಪ್ರಯೋಗಾಲಯದ ಸ್ಟುವರ್ಟ್ ಫೆಲ್ಡ್‌ಮನ್ ರಚಿಸಿದ ‘ಮೇಕ್’ ಇಂಥ ಫೈಲನ್ನು ಓದಿ ನಡೆಸುವ ಸಾಧನ. ‘ಸಿಮೇಕ್’ ಈಗ ಬಹುವಾಗಿ ಬಳಕೆಯಲ್ಲಿರುವುದು. ಯಾವುದನ್ನು ಬಳಸಿದರೂ ನಾಲ್ಕು ಅಂಶಗಳನ್ನು ಗಮನಿಸತಕ್ಕದ್ದು.

ಮೊದಲನೆಯದು: ಸಿ ಸಂಕೇತವನ್ನೂ ಎಲ್ಲ ಬೈಂಡಿಂಗುಗಳನ್ನೂ ಒಂದೇ ಗುರಿಯ ಕೆಳಗೆ ಬರೆಯಬೇಕು. ಆಗ ಜನಕದ ಪ್ರತಿ ಒಂದೇ ಇರುತ್ತದೆ.

ಎರಡನೆಯದು: ಎಲ್ಲವನ್ನೂ ಸ್ಥಾನನಿರಪೇಕ್ಷ ಸಂಕೇತವಾಗಿ ಕಂಪೈಲ್ ಮಾಡಬೇಕು. ಲೈಬ್ರರಿ ನೆನಪಿನ ಯಾವ ವಿಳಾಸದಲ್ಲಿ ನೆಲೆಸುವುದೆಂಬುದು ಮೊದಲೇ ಗೊತ್ತಿರುವುದಿಲ್ಲವಷ್ಟೆ.

ಮೂರನೆಯದು: ಪೈಥಾನ್ ಲೈಬ್ರರಿಯನ್ನು ತೆರೆದೊಡನೆ, ‘ಪೈಇನಿಟ್’ ಎಂಬುದರ ಮುಂದೆ ಅಡಿಗೆರೆಯನ್ನೂ ಮಾಡ್ಯೂಲಿನ ಹೆಸರನ್ನೂ ಸೇರಿಸಿದ ಪ್ರವೇಶಕಾರ್ಯವನ್ನು ಹುಡುಕುತ್ತದೆ. ಆ ಹೆಸರಿಗೂ ಕಡತದ ಹೆಸರಿಗೂ ಹೊಂದಿಕೆಯಿರಬೇಕು. ಮನೆ ಒಂದಾದ್ದರಿಂದ ತಲೆಬಾಗಿಲೂ ಒಂದೇ. ಉಳಿದ ಬೈಂಡಿಂಗುಗಳನ್ನು ಆ ಪ್ರವೇಶಕಾರ್ಯದೊಳಗೆ ಉಪಮಾಡ್ಯೂಲುಗಳಾಗಿ ಸೇರಿಸಬೇಕು.

ನಾಲ್ಕನೆಯದು: ಬೈಂಡಿಂಗುಗಳನ್ನು ಮೊದಲು ಸ್ಥಿರ ಲೈಬ್ರರಿಯಾಗಿ ಕಟ್ಟಿ ಅನಂತರ ಜೋಡಿಸಹೊರಟರೆ ತೊಡಕುಂಟು. ಲಿಂಕರ್ ಸ್ಥಿರ ಲೈಬ್ರರಿಯಿಂದ, ಬೇರೆ ಸಂಕೇತ ಕೇಳಿದ ತುಣುಕುಗಳನ್ನು ಮಾತ್ರ ಎತ್ತಿಕೊಳ್ಳುತ್ತದೆ. ಪ್ರವೇಶಕಾರ್ಯವನ್ನು ಕೇಳುವುದು ಪೈಥಾನ್, ಅದೂ ಓಡುವಾಗ. ಕಟ್ಟುವಾಗ ಯಾರೂ ಕೇಳದ್ದರಿಂದ ಅದು ಹೊರಗುಳಿಯಬಹುದು. ಸಿಮೇಕ್‌ನಲ್ಲಿ ‘ಆಬ್ಜೆಕ್ಟ್’ ಬಗೆಯ ಲೈಬ್ರರಿಯನ್ನು ಬಳಸಿದರೆ ತುಣುಕುಗಳೆಲ್ಲವೂ ತಪ್ಪದೆ ಸೇರುತ್ತವೆ.

ಒಂದೇ ಲೈಬ್ರರಿಯಲ್ಲಿ ನಷ್ಟವೇ ಇಲ್ಲವೆಂದಲ್ಲ. ಒಂದು ಬೈಂಡಿಂಗನ್ನು ತಿದ್ದಿದರೂ ಇಡೀ ಲೈಬ್ರರಿಯನ್ನು ಮತ್ತೆ ಜೋಡಿಸಬೇಕು. ಒಂದೇ ಬೈಂಡಿಂಗ್ ಬೇಕಾದವನೂ ಎಲ್ಲವನ್ನೂ ಹೊರಬೇಕು. ಅದು ಒಲ್ಲದವರು ಸಿ ಸಂಕೇತವನ್ನು ಪ್ರತ್ಯೇಕವಾದ ಹಂಚಿಕೆಯ ಲೈಬ್ರರಿಯಾಗಿ ಕಟ್ಟಿ, ಬೈಂಡಿಂಗುಗಳೆಲ್ಲ ಅದನ್ನೇ ಆಶ್ರಯಿಸುವಂತೆ ಮಾಡಬಹುದು. ಆಗಲೂ ಪ್ರತಿ ಒಂದೇ. ಯಾವ ದಾರಿಯನ್ನು ಹಿಡಿದರೂ, ಕಟ್ಟಿದ ಮೇಲೆ ಮೇಲಿನ ‘ಪೈ’ ಲೆಕ್ಕವನ್ನು ಒಮ್ಮೆ ನಡೆಸಿ ನೋಡುವುದು ಒಳ್ಳೆಯದು. ೩.೧೪ರ ಆಸುಪಾಸಿನ ಉತ್ತರ ಬಂದರೆ ಈ ದೋಷ ನೀಗಿತೆನ್ನಬಹುದು, ೨.೮೨೮ ಬಂದರೆ ಎರಡನೆಯ ಪ್ರತಿಯೊಂದು ಎಲ್ಲೋ ಅಡಗಿದೆಯೆಂದೇ ತಿಳಿಯಬೇಕು.