ಓರಗಿತ್ತಿಯ ಮನೆ, ನಿಮ್ಮ ನೆಮ್ಮದಿ

ಪ್ರಶ್ನೆ: ಓರಗಿತ್ತಿ ಬೆಂಗಳೂರಿನಲ್ಲಿ ಸ್ವಂತ ಮನೆ ಕಟ್ಟಿಸಿದ್ದಾಳೆ. ನಾವು ದಾವಣಗೆರೆಯಲ್ಲಿ ಇನ್ನೂ ಬಾಡಿಗೆ ಮನೆಯಲ್ಲಿದ್ದೇವೆ. ಅವಳ ಗೃಹಪ್ರವೇಶಕ್ಕೆ ಹೋಗಿಬಂದ ಮೇಲೆ ಯಾವುದರಲ್ಲೂ ಖುಷಿಯಿಲ್ಲ. ಗಂಡನ ಮೇಲೆ ಸುಮ್ಮಸುಮ್ಮನೆ ರೇಗುತ್ತೇನೆ. ಏನು ಮಾಡಲಿ?

ಉತ್ತರ: ಹೊಟ್ಟೆಕಿಚ್ಚು ಹುಟ್ಟಿತೆಂದು ನಿಮ್ಮನ್ನು ನೀವು ಹಳಿದುಕೊಳ್ಳಬೇಡಿ. ಮನುಷ್ಯರು ತಮ್ಮನ್ನು ಅಳೆದುಕೊಳ್ಳುವುದು ಹೆಚ್ಚಾಗಿ ಸರೀಕರೊಂದಿಗೆ ಎಂದು ಅಮೆರಿಕದ ಮನಶ್ಶಾಸ್ತ್ರಜ್ಞ ಲಿಯಾನ್ ಫೆಸ್ಟಿಂಗರ್ 1954ರಲ್ಲೇ ವಿವರಿಸಿದ್ದರು. ಊರಿನ ಶ್ರೀಮಂತರ ಬಂಗಲೆ ನಿಮ್ಮ ನಿದ್ದೆ ಕೆಡಿಸಲಿಲ್ಲ. ಒಂದೇ ಮನೆಗೆ ಸೊಸೆಯಾಗಿ ಬಂದವಳ ಮನೆ ಕೆಡಿಸಿತು.

ಮೊದಲು, ಮನಸ್ಸಿನಲ್ಲಿರುವುದನ್ನು ಗಂಡನಿಗೆ ನೇರವಾಗಿ ಹೇಳಿ. ರೇಗಾಟದಿಂದ ಅವರಿಗೆ ನಿಮ್ಮ ನೋವು ಅರ್ಥವಾಗುವುದಿಲ್ಲ. ಸ್ವಂತ ಮನೆ ನಿಜಕ್ಕೂ ನಿಮ್ಮಿಬ್ಬರ ಆಸೆಯಾದರೆ, ತಿಂಗಳಿಗೆ ಎಷ್ಟು ಉಳಿಸಬಹುದೆಂದು ಕೂತು ಲೆಕ್ಕ ಹಾಕಿ, ಆರ್.ಡಿ. ಆರಂಭಿಸಿ. ತೃಪ್ತಿಯೆಂದರೆ ಆಸೆ ಬಿಡುವುದಲ್ಲ. ಆಸೆ ಈಡೇರುವವರೆಗೆ ಇಂದಿನ ಬದುಕನ್ನು ತಳ್ಳಿಹಾಕದಿರುವುದು.

ಎರಡನೆಯದು, ವಾರಕ್ಕೊಮ್ಮೆ ನಿಮಗೆ ದಕ್ಕಿದ ಐದು ಒಳಿತುಗಳನ್ನು ಬರೆದಿಡಿ. ಮನಶ್ಶಾಸ್ತ್ರಜ್ಞರಾದ ಎಮನ್ಸ್ ಮತ್ತು ಮೆಕಲೋ 2003ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಹತ್ತು ವಾರ ಹೀಗೆ ಬರೆದವರಿಗೆ ಕಿರಿಕಿರಿಗಳನ್ನು ಬರೆದವರಿಗಿಂತ ತಮ್ಮ ಬದುಕಿನ ಬಗ್ಗೆ ಹೆಚ್ಚು ಸಮಾಧಾನವಿತ್ತು. ‘ದೇವರು ಚೆನ್ನಾಗಿಟ್ಟಿದ್ದಾನೆ’ ಎಂದಷ್ಟೇ ಬರೆಯಬೇಡಿ. ಮಗಳ ಜ್ವರ ಇಳಿದದ್ದು, ಪಕ್ಕದ ಮನೆಯಾಕೆ ನೆರವಾದದ್ದು, ಹೀಗೆ ನಿರ್ದಿಷ್ಟವಾಗಿರಲಿ.

ಕೆಲವು ವಾರಗಳಾದರೂ ಬೇಸರ ಕಳೆಯದೆ ಊಟ, ನಿದ್ದೆ ಕೆಟ್ಟರೆ, ಸರ್ಕಾರದ ಉಚಿತ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಕರೆ ಮಾಡಿ. ಅದಕ್ಕೆ ಸಂಕೋಚ ಬೇಡ.